ಎದುರುಮನೆಯ ಒಂದು ರಿಂಗು

ಟ್ರಂಕಿನ ತಳದಲ್ಲಿ ಹಳೆಯ ಫೋನು ಸಿಕ್ಕಿತು. ರಿಸೀವರಿನ ಮಾತಾಡುವ ತುದಿಗೆ ಅಂಟಿಸಿದ್ದ ಸೆಂಟಿನ ಪಟ್ಟಿಗೆ ಇನ್ನೂ ಸಣ್ಣಗೆ ಮಲ್ಲಿಗೆಯ ವಾಸನೆ ಇದೆ. ನಗಬೇಡಿ. ಕಲ್ಲೋಳಿಯ ನಮ್ಮ ಓಣಿಗೆಲ್ಲ ಇದೊಂದೇ ಫೋನಿದ್ದಾಗ ನನ್ನ ಠೀವಿಯೇ ಬೇರೆ ಇತ್ತು.

ಎದುರುಮನೆ ಪದ್ಮಕ್ಕನ ಮಗಳು ಸುಜಾತಾಳನ್ನು ಯಮಕನಮರಡಿಗೆ ಕೊಟ್ಟಿದ್ದರು. ಆಕೆಯ ಕರೆ ಬಂದರೆ ನಾನು ಮಾಳಿಗೆ ಏರಿ, "ಪದ್ಮಕ್ಕಾ, ಸುಜಾತಾನ ಫೋನ್ ಬಂದೈತಿ!" ಎಂದು ಕೂಗಬೇಕು. ಪದ್ಮಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬರಬೇಕು. ಆಮೇಲೆ ಚಹಾ, ಒಂದು ತಾಸು ಹರಟೆ. ಸುಜಾತಾ ಬಸುರಿ ಎಂಬುದು ಆಕೆಯ ಸ್ವಂತ ಅಜ್ಜಿಗಿಂತ ಮೊದಲು ನನಗೆ ಗೊತ್ತಾಗಿತ್ತು.

ಮುಂದೆ ಪದ್ಮಕ್ಕನಿಗೆ ಮೊಬೈಲು ಬಂತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಮುಚ್ಚಿಡುವುದೇನು? ಆ ಅಂಗೈಯಗಲದ ಡಬ್ಬಿ ನನ್ನ ಗೆಳತಿಯನ್ನು ಕಸಿದುಕೊಂಡಿತು. ಅದರಲ್ಲಿ ಮಾತಾದರೂ ಆಡುತ್ತಿದ್ದರೇ? ಸುಜಾತಾ ದಿನಾ ಮಧ್ಯಾಹ್ನ ಒಂದು ರಿಂಗು ಕೊಟ್ಟು ಕಟ್ ಮಾಡುವಳು. ಅಂದರೆ ಆರಾಮ ಇದ್ದೇನೆ ಅಂತ. ತಾಯಿಯೂ ತಿರುಗಿ ಒಂದು ರಿಂಗು. ಯಾರಾದರೂ ಎತ್ತಿದರೆ ಏನೋ ಕೆಟ್ಟದ್ದಾಗಿದೆ ಎಂದು ಅವರ ಕರಾರು.

"ಬಾಯಿಗೆ ಬೀಗ ಹಾಕ್ಕೊಂಡು ಅದೆಂಥಾ ಫೋನ ಪದ್ಮಕ್ಕಾ?" ಎಂದು ಚುಚ್ಚಿದೆ.

"ಜೀವಕ್ಕ ಸಮಾಧಾನ ಆದ್ರ ಸಾಕವಾ," ಎಂದಳು.

ಒಂದು ಮಧ್ಯಾಹ್ನ ಸಕ್ಕರೆ ಕೇಳುವ ನೆವದಲ್ಲಿ ಹೋದೆ. ಪದ್ಮಕ್ಕ ಹಿತ್ತಲಲ್ಲಿದ್ದಳು. ಮೊಬೈಲು ಕೂಗಿತು. ಎಲ್ಲ ಗೊತ್ತಿದ್ದೂ ಎತ್ತಿ, "ಹಲೋ!" ಎಂದೆ.

"ಕಾಕೂ? ನೀವ್ಯಾಕ ಎತ್ತಿದ್ರಿ? ಅವ್ವಗ ಏನಾತ್ರಿ?" ಎಂದಳು ಸುಜಾತಾ.

ಏನೂ ಆಗಿಲ್ಲ ಎನ್ನುವಷ್ಟರಲ್ಲಿ ಬ್ಯಾಟರಿ ಮುಗಿದು ಮೊಬೈಲು ಆರಿತು. ಕಳ್ಳಿಯ ಹಾಗೆ ಮನೆಗೆ ಬಂದರೆ ನಮ್ಮ ಫೋನು ಬಡಿದುಕೊಳ್ಳುತ್ತಿತ್ತು. ಇಷ್ಟು ದಿನ ಕಾದಿದ್ದ ಅದೇ ಕರೆ. ನಾಚಿಕೆಗೆ ಎತ್ತಲಿಲ್ಲ.

ಸಂಜೆಯ ಬಸ್ಸಿಗೆ ಸುಜಾತಾ ಕೂಸನ್ನೆತ್ತಿಕೊಂಡು ಅಳುತ್ತ ಬಂದಳು. ತಾಯಿ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಳು! ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾಳೆ, ಇನ್ನು ಹೊಸ್ತಿಲು ತುಳಿಯಗೊಡುವುದಿಲ್ಲ ಅಂದುಕೊಂಡಿದ್ದೆ. ಪದ್ಮಕ್ಕ ಮೊಮ್ಮಗನ ಕೆನ್ನೆ ಸವರಿ, ಮೋರೆ ಸಣ್ಣದು ಮಾಡಿಕೊಂಡಳು.

"ವರ್ಷಾತು, ಬಾ ಬಾ ಅಂದ್ರೂ ಬಂದಿರಲಿಲ್ಲ. ದಿನಾ ರಿಂಗ್ ಕೊಡ್ತೇನಲ್ಲ ಅಂತಿದ್ಲು. ನಿನ್ನ ಒಂದ್ ಹಲೋ ಕೇಳಿ ಓಡಿ ಬಂದ್ಲು ನೋಡು."

ಆ ದನಿಯಲ್ಲಿದ್ದ ಹೊಟ್ಟೆಕಿಚ್ಚು ನನಗೆ ಚೆನ್ನಾಗಿ ಪರಿಚಯ.

ಇವತ್ತು ಟ್ರಂಕಿನಲ್ಲಿ ಸಿಕ್ಕ ಆ ಹಳೆಯ ಫೋನನ್ನು ಒರೆಸಿಟ್ಟೆ. ಈಗ ನನ್ನ ಬಳಿಯೂ ಮೊಬೈಲಿದೆ. ಪದ್ಮಕ್ಕನಿಗೆ ಒಂದು ರಿಂಗು ಕೊಟ್ಟು ಕಟ್ ಮಾಡಿದೆ. ತಿರುಗಿ ರಿಂಗು ಬರಲಿಲ್ಲ. ಎದುರಿನ ಮಾಳಿಗೆಯಿಂದ ಕೂಗು ಬಂತು.

"ಆರಾಮ ಅದೀಯಿಲ್ಲ?"

"ಇಲ್ಲ," ಎಂದೆ. "ಚಹಾಕ್ಕ ಇಟ್ಟೇನಿ, ಬಾ."