ಹೊಸಿಲಾಚೆಗೆ ಬಂಗಾರದ ಕಡಗ

ಅಕ್ಕಸಾಲಿಗ ಅಣ್ಣನ ಅಂಗಡಿಯಲ್ಲಿ ತಂಗಿಗಿದ್ದ ಕೆಲಸವೆಂದರೆ ನಡೆಯುವುದು. ಅದಕ್ಕೇ ಬೀದಿಯವರೆಲ್ಲ ಅವಳನ್ನು ಕಾಲಕ್ಕ ಎನ್ನುತ್ತಿದ್ದರು. ಊರಲ್ಲಿ ಬಂಗಾರವನ್ನು ಕಾಲಿಗೆ ಹಾಕುವ ಹಕ್ಕು ದೊಡ್ಡಮನೆಯವರಿಗೆ ಮಾತ್ರ. ಉಳಿದವರ ಕಾಲಿಗೆ ಬೆಳ್ಳಿ. ಆ ಮನೆಗೆಂದು ಕಾಲ್ಕಡಗ ಸಿದ್ಧವಾದಾಗಲೆಲ್ಲ ಕಾಲಕ್ಕ ಅದನ್ನು ತೊಟ್ಟು ಕುಲುಮೆಯಿಂದ ಹೊಸಿಲವರೆಗೆ, ಹೊಸಿಲಿಂದ ಕುಲುಮೆಯವರೆಗೆ ಓಡಾಡಬೇಕು. ಚುಚ್ಚುತ್ತದೆ, ಉಜ್ಜುತ್ತದೆ ಎಂದು ಅವಳು ತೋರಿಸಿದ ಕಡೆ ಅಣ್ಣ ಅರ ಆಡಿಸುತ್ತಿದ್ದ. ದೊಡ್ಡಮನೆ ಹೆಂಗಸರ ಕಾಲು ನುಣುಪಾಗಿ ಉಳಿಯಿತು, ಇವಳ ಕಾಲ ತುಂಬ ಕಲೆ. ಕಡಗ ತೊಟ್ಟು ಹೊಸಿಲನ್ನು ಮಾತ್ರ ದಾಟುವಂತಿರಲಿಲ್ಲ.

ತಲೆ ನರೆಯುವ ಹೊತ್ತಿಗೆ ಕಾಲಕ್ಕ ತನ್ನ ಬಂಗಾರದ ಕೈಬಳೆಗಳನ್ನು ತೆಗೆದು ಅಣ್ಣನ ಮುಂದಿಟ್ಟಳು.

"ಕರಗಿಸು. ನನಗೊಂದು ಜೊತೆ ಕಾಲ್ಕಡಗ ಮಾಡಿಕೊಡು."

"ತಲೆ ಕೆಟ್ಟಿದೆಯಾ ನಿಂಗೆ? ದೊಡ್ಡಮನೆ ಕೆಲಸ ತಪ್ಪಿದರೆ ಕುಲುಮೇಲಿ ಬೆಕ್ಕು ಮಲಗುತ್ತೆ."

"ಮಲಗಲಿ ಬಿಡು. ಅದಕ್ಕೂ ಒಂದು ಜಾಗ ಬೇಡವಾ?"

ಅಣ್ಣ ಗೊಣಗುತ್ತಲೇ ಮಾಡಿದ. ಅವಳು ತೊಟ್ಟು ನೋಡುತ್ತಿದ್ದಾಗಲೇ ದೊಡ್ಡಮನೆಯ ಸೊಸೆ ಹೊಸ ಕಡಗ ಮಾಡಿಸಲು ಬಂಗಾರದ ಡಬ್ಬಿ ಹಿಡಿದು ಬಂದಳು. ಡಬ್ಬಿ ಇಟ್ಟವಳೇ ಕೆಳಗೆ ನೋಡಿದಳು.

"ಯಾರದ್ದು ಇದು? ಚೆನ್ನಾಗಿದೆ."

"ನನ್ನದೇ, ಅಮ್ಮಾವ್ರೇ."

ಸೊಸೆಯ ಮುಖ ಗಂಟಾಯಿತು. "ತಮಾಷೆ ಸಾಕು. ಬಿಚ್ಚು."

"ಇದೇ ಬಂಗಾರ ಕೈಯಲ್ಲಿದ್ದಾಗ ನೀವು ಏನೂ ಅನ್ನಲಿಲ್ಲ. ಕಾಲಿಗಿಳಿದ ತಕ್ಷಣ ತಪ್ಪಾಯ್ತಾ?"

"ಹಾಗಾದ್ರೆ ನಮಗೂ ನಿಮಗೂ ಏನು ವ್ಯತ್ಯಾಸ ಉಳೀತು?"

"ಅದನ್ನ ನೀವೇ ಯೋಚನೆ ಮಾಡಿ. ನೀವು ಹಾಕ್ಕೊಂಡಿರೋದು ನಾನು ತೊಟ್ಟು ಕೊಟ್ಟಿದ್ದೇ. ನಿಮ್ಮತ್ತೆಯವರದ್ದೂ ಅಷ್ಟೇ."

ಸೊಸೆ ಅಣ್ಣನ ಕಡೆ ತಿರುಗಿದಳು. "ಇವಳು ಬಿಚ್ಚಿದರೆ ಈ ಕೆಲಸ ನಿಮಗೆ. ಇಲ್ಲಾಂದ್ರೆ ಇನ್ನು ಮುಂದೆ ನಮ್ಮನೆಯಿಂದ ಒಂದು ಚೂರು ಬಂಗಾರಾನೂ ಬರಲ್ಲ."

ಅಣ್ಣ ತಲೆ ಎತ್ತಲಿಲ್ಲ. ಕಾಲಕ್ಕ ಅವನನ್ನೇ ನೋಡುತ್ತ ನಿಂತಳು. ಆಮೇಲೆ ಡಬ್ಬಿಯನ್ನೆತ್ತಿ ಸೊಸೆಯ ಕೈಗಿಟ್ಟಳು.

"ಹಾಲು ತರಬೇಕು, ಬರ್ತೀನಿ" ಎಂದು ಹೊಸಿಲ ಕಡೆ ಹೊರಟಳು.

"ನಿಲ್ಲು" ಎಂದ ಅಣ್ಣ.

ಸೊಸೆಯ ತುಟಿಯಂಚಿನಲ್ಲಿ ನಗು ಮೂಡಿತು. ಅವನು ಇಕ್ಕಳ ಹಿಡಿದು ಎದ್ದು ಬಂದ, ತಂಗಿಯ ಕಾಲ ಬಳಿ ಮಂಡಿಯೂರಿ ಎಡಗಾಲಿನ ಕಡಗದ ತಿರುಪನ್ನು ಬಿಗಿ ಮಾಡಿದ.

"ಸಡಿಲ ಇತ್ತು. ಬೀದೀಲಿ ಬಿದ್ದುಗಿದ್ದೀತು. ಈಗ ಹೋಗು."

ಕಾಲಕ್ಕ ನೆರಿಗೆಯನ್ನು ಇಷ್ಟು ಮೇಲೆತ್ತಿ ಹಿಡಿದು, ಹೊಸಿಲು ದಾಟಿದಳು.