ನೀಲಗಂಗಾಳ ಹೆಸರಿನ ಚೀಟಿ

ನವಿ ಪೇಠದ ಅರಿವೆ ವ್ಯಾಪಾರಿ ರಾಚಪ್ಪನವರ ಕಿರಿಯ ಮಗಳು ನೀಲಗಂಗಾ ಹುಟ್ಟಾ ಅಂಜುಬುರುಕಿ. ಹಲ್ಲಿ ಲೊಚಗುಟ್ಟಿದರೆ ಅಂಜಿಕೆ, ಶಾಲೆಗೆ ಇನ್‌ಸ್ಪೆಕ್ಟರು ಬಂದರೆ ಅಂಜಿಕೆ, ಅಂಗಡಿ ಮುಚ್ಚಿ ಬಂದ ಅಪ್ಪ ಹೊಸ್ತಿಲಲ್ಲಿ ಕೆಮ್ಮಿದರಂತೂ ಕೈಯಲ್ಲಿದ್ದ ತಂಬಿಗೆ ನೆಲದ ಮೇಲೆ. ಈ ಹುಡುಗಿ ಹುಟ್ಟಿದಾಗ ಅತ್ತದ್ದೂ ಹೆದರಿಯೇ ಎಂದು ಅಜ್ಜಿ ಅಕ್ಕನಾಗಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ನಗುವವರಿಗೇನು, ನಗುತ್ತಾರೆ. ಆದರೆ ೧೯೭೪ರ ಫೆಬ್ರುವರಿಯಲ್ಲಿ ಅವಳನ್ನು ಹಿಡಿದ ಅಂಜಿಕೆ ನಗುವಂಥದ್ದಾಗಿರಲಿಲ್ಲ.

ಆಗ ಅವಳು ಸೊಲ್ಲಾಪುರದ ಒಂದು ಕನ್ನಡ ಶಾಲೆಯಲ್ಲಿ ಹನ್ನೊಂದನೆಯ ತರಗತಿ, ಅಂದರೆ ಮ್ಯಾಟ್ರಿಕ್. ಆ ಮನೆತನದಲ್ಲಿ ಅಲ್ಲಿಯತನಕ ಓದಿದ ಹೆಣ್ಣು ಅವಳೊಬ್ಬಳೇ. ಅಕ್ಕ ಸುಮಿತ್ರಾ ಏಳನೆಯ ತರಗತಿಯಲ್ಲಿದ್ದಾಗ ಯಾವನೋ ಹುಡುಗ ಬೀದಿಯಲ್ಲಿ ಅವಳ ಹಿಂದೆ ಹಾಡು ಗುನುಗಿದನಂತೆ. ಆ ಸುದ್ದಿ ಅಂಗಡಿಯ ಗಾದಿಯವರೆಗೆ ಬಂತು. ಮರುದಿನ ಸುಮಿತ್ರಾಳ ಪಾಟಿಚೀಲ ಅಟ್ಟ ಸೇರಿತು. ಹಾಡಿದವನು ಬಿ.ಕಾಂ. ಮಾಡಿದ, ಕೇಳಿಸಿಕೊಂಡವಳು ರೊಟ್ಟಿ ಬಡಿದಳು. ರಾಚಪ್ಪನವರು ಮಕ್ಕಳ ಮೇಲೆ ಎಂದೂ ಕೈ ಎತ್ತಿದವರಲ್ಲ. ಮಾನದ ಮಾತು ಬಂದಾಗ ಮಾತ್ರ ಅವರ ಕಿವಿ ಬಲು ಚುರುಕು. ಕಾಲೇಜಿಗೆ ಹೋಗುವ ಆಸೆಯನ್ನು ನೀಲಗಂಗಾ ಅಜ್ಜಿಯ ಬಾಯಿಂದ ಕೇಳಿಸಿದಾಗ ಅವರು ಇಲ್ಲವೆನ್ನಲಿಲ್ಲ.

"ಸಾಲಿ ಮುಗಿಯೂತನಕ ನಿನ್ನ ಹೆಸರ ಮ್ಯಾಲ ಒಂದ ಮಾತ ನನ್ನ ಕಿವಿಗಿ ಬೀಳಬಾರದು. ಬಿತ್ತಂದ್ರ ಅಲ್ಲಿಗೇ ಮುಗೀತು," ಎಂದರು.

ಬೀಳಬಹುದಾದ ಮಾತು ಒಂದು ಇತ್ತು. ನುಂಗಲಾರದ, ಉಗುಳಲಾರದ ಬಿಸಿ ತುಪ್ಪದಂತೆ ಅದು ಎರಡು ವರ್ಷದಿಂದ ಅವಳ ಗಂಟಲಲ್ಲಿತ್ತು.

ಒಂಬತ್ತನೆಯ ತರಗತಿಯಲ್ಲಿದ್ದಾಗ ಕಲ್ಯಾಣಪ್ಪ ಮಾಸ್ತರರು ಎಲ್ಲರನ್ನೂ ಅಕ್ಕಲಕೋಟೆಗೆ ಒಂದು ದಿನದ ಪ್ರವಾಸಕ್ಕೆ, ಸಹಲಿಗೆಂದು, ಕರೆದುಕೊಂಡು ಹೋಗಿದ್ದರು. ಸ್ವಾಮಿಗಳ ದರ್ಶನ ಮಾಡಿ, ಅರಮನೆಯ ಕತ್ತಿ ಗುರಾಣಿ ನೋಡಿ, ಬುತ್ತಿ ಉಂಡು, ಸಂಜೆಯ ಪ್ಯಾಸೆಂಜರಿಗೆ ತಿರುಗಿ ಹೊರಟರು. ಹೋಟಗಿಯಲ್ಲಿ ಗಾಡಿ ನಿಂತಾಗ ನೀಲಗಂಗಾ ನೀರಿಗೆಂದು ಇಳಿದಳು. ನಳದ ಬುಡದಲ್ಲಿ ಒಂದು ನಾಯಿ ಮಲಗಿತ್ತು. ಅದು ಎದ್ದು ಹೋಗಲಿ ಎಂದು ಇವಳು ದೂರ ನಿಂತಳು. ಅದು ಏಳಲಿಲ್ಲ, ಗಾಡಿ ಹೊರಟುಹೋಯಿತು.

ಪ್ಲಾಟ್‌ಫಾರ್ಮಿನಲ್ಲಿ ಉಳಿದ ಇನ್ನೊಬ್ಬನೆಂದರೆ ಅವಳದೇ ತರಗತಿಯ ಸಾಯಬಣ್ಣ. ಅವನ ಊರೇ ಹೋಟಗಿ. ಒಕ್ಕಲುತನದ ಮನೆಯ ಹುಡುಗ, ದಿನಾ ಗಾಡಿಯಲ್ಲಿ ಶಾಲೆಗೆ ಬರುವವನು, ಮನೆಗೆಂದು ಇಳಿದಿದ್ದ. ಅಳುತ್ತ ನಿಂತವಳನ್ನು ಬೇವಿನ ಕಟ್ಟೆಯ ಮೇಲೆ ಕೂಡಿಸಿ, ಎಲ್ಲಿಂದಲೋ ಶೇಂಗಾ ತಂದುಕೊಟ್ಟು, ತಾನು ಮಾರು ದೂರ ನಿಂತ. ಮುಂದಿನ ಗಾಡಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಒಬ್ಬಳನ್ನೇ ಹೇಗೆ ಕಳಿಸುವುದೆಂದು ಅವನೂ ಹತ್ತಿದ. ಸೊಲ್ಲಾಪುರ ಸ್ಟೇಶನ್ನಿನಲ್ಲಿ ಇಡೀ ತರಗತಿ ಮನೆಗೆ ಹೋಗದೆ, ಹಸಿದುಕೊಂಡು, ಸೊಳ್ಳೆ ಹೊಡೆದುಕೊಳ್ಳುತ್ತ ಇವಳಿಗಾಗಿ ಕೂತಿತ್ತು.

"ಗಾಡಿ ತಡಾ ಆತು. ಮನ್ಯಾಗ ಇಷ್ಟ ಹೇಳ್ರಿ," ಎಂದರು ಕಲ್ಯಾಣಪ್ಪ ಮಾಸ್ತರರು. "ಈ ಹುಡುಗಿ ಸಾಲಿ ಉಳೀಬೇಕು."

ಮಾಸ್ತರರು ಮರುವರ್ಷ ನಿವೃತ್ತರಾಗಿ ಊರಿಗೆ ಹೋದರು. ಮಕ್ಕಳು ಬಾಯಿಗೆ ಹಾಕಿದ ಬೀಗ ತೆಗೆಯಲಿಲ್ಲ. ಜಗಳವಾದಾಗಲೂ, ಒಬ್ಬರ ಮೇಲೊಬ್ಬರು ಚಾಡಿ ಹೇಳುವಾಗಲೂ ಹೋಟಗಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಈಗ ಬಂದದ್ದು ಬೀಳ್ಕೊಡುವ ನಿರೋಪ ಸಮಾರಂಭ. ಹೊಸದಾಗಿ ಬಂದಿದ್ದ ಮಲಕಾಜಪ್ಪ ಮಾಸ್ತರರಿಗೆ ಹುರುಪು ಬಹಳ. ಕಾಲೇಜುಗಳಲ್ಲಿ ಮಾಡುವ ಹಾಗೆ ಇಲ್ಲಿಯೂ ಫಿಶ್‌ಪಾಂಡ್ ಮಾಡೋಣ ಎಂದರು. ವರಾಂಡದಲ್ಲಿ ಒಂದು ಎಣ್ಣೆಯ ಡಬ್ಬಿಗೆ ಬಣ್ಣದ ಕಾಗದ ಸುತ್ತಿ ಇಟ್ಟರು. ಇಷ್ಟು ವರ್ಷ ಕೂಡಿ ಓದಿದ್ದೀರಿ, ಒಬ್ಬರ ಮೇಲೊಬ್ಬರು ನೆನಪಿನ ಒಂದು ಚೇಷ್ಟೆಯ ಸಾಲು ಬರೆದು ಹಾಕಿರಿ, ಬರೆದವರ ಹೆಸರು ಬೇಡ, ಆ ದಿನ ಎಲ್ಲರೆದುರು ಓದುತ್ತೇನೆ ಎಂದರು. ಮುಖ್ಯ ಅತಿಥಿ ಯಾರೆಂದರೆ, ವೇದಿಕೆಯ ಪರದೆಗೆ ಬಟ್ಟೆ ಕೊಟ್ಟ ರಾಚಪ್ಪನವರು.

ನೀಲಗಂಗಾಳನ್ನು ಅಂಜಿಕೆ ಹಿಡಿದದ್ದು ಆಗ. ಮಲಕಾಜಪ್ಪ ಮಾಸ್ತರರಿಗೆ ಹೋಟಗಿಯ ಸಂಗತಿ ಗೊತ್ತಿಲ್ಲ. ಚೀಟಿಯಲ್ಲಿ ಇದ್ದದ್ದನ್ನು ನಗುನಗುತ್ತ ಓದಿಬಿಡುತ್ತಾರೆ. ನನ್ನ ಮೇಲೆ ಬರೆಯಬೇಡಿ ಎಂದು ಗೆಳತಿಯರನ್ನು ಕೇಳೋಣವೆಂದರೆ, ಮರೆತವರಿಗೂ ನೆನಪು ಮಾಡಿಕೊಟ್ಟ ಹಾಗಾದೀತು. ಡಬ್ಬಿಯ ಹತ್ತಿರ ಯಾರಾದರೂ ನಿಂತು ಕಿಸಕ್ಕೆಂದರೆ ಇವಳು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಳು. ಊಟ ಸೇರಲಿಲ್ಲ. ಪರೀಕ್ಷೆಯ ಅಂಜಿಕೆ ಎಂದು ಅಜ್ಜಿ ದೃಷ್ಟಿ ತೆಗೆದಳು. ಎಣ್ಣೆ ಡಬ್ಬಿಗೆ ಯಾರು ದೃಷ್ಟಿ ತೆಗೆಯಬೇಕು?

ಸಮಾರಂಭದ ಮಧ್ಯಾಹ್ನ ರಾಚಪ್ಪನವರು ಕೋಟು ರುಮಾಲಿನಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಮಾಸ್ತರರು ಡಬ್ಬಿಗೆ ಕೈ ಹಾಕಿದರು. ಮೊದಲನೆಯದು ಸಾತಲಿಂಗಪ್ಪನ ಮೇಲೆ: "ಇತಿಹಾಸದ ತಾಸಿನ್ಯಾಗ ಮಲಗಿ ಭೂಗೋಳದ ತಾಸಿನ್ಯಾಗ ಏಳಾಂವ." ಸಭೆ ಗೊಳ್ಳೆಂದಿತು, ರಾಚಪ್ಪನವರೂ ನಕ್ಕರು. ಗಿರಿಜಾಳ ಮೇಲೆ, ಪರೀಕ್ಷೆ ಬರೆದು ಅತ್ತು ಆಮೇಲೆ ಮೊದಲ ನಂಬರು ಬರುವವಳೆಂದು. ಗಂಟೆ ಹೊಡೆಯುವ ಬೀರವ್ವನ ಮೇಲೂ ಒಂದು. ಪ್ರತಿ ಸಲ ಕೈ ಡಬ್ಬಿಯೊಳಗೆ ಇಳಿದಾಗ ನೀಲಗಂಗಾ ಅಪ್ಪನ ರುಮಾಲಿನ ಕಡೆ ನೋಡುತ್ತಿದ್ದಳು.

"ಹೋಟಗಿ ಟೇಸನ್ನಿನ್ಯಾಗ ಕುಂತಾನ ಸಾಯಬಣ್ಣ," ಎಂದು ಮಾಸ್ತರರು ಓದಿದರು. "ಯಾರ ಹಾದಿ ಕಾಯತಾನ?"

ಓದಿ ನಿಲ್ಲಿಸಿದರು. ನಗಿಸುವವರ ಚಟ ಅದು. ನೀಲಗಂಗಾಳ ಕಣ್ಣೆದುರು ಅಕ್ಕನ ಪಾಟಿಚೀಲ ಕಂಡಿತು, ಅಟ್ಟ ಕಂಡಿತು. ಸಾಯಬಣ್ಣ ಮುಖ ಸುಣ್ಣ ಮಾಡಿಕೊಂಡು ನೆಲ ನೋಡುತ್ತಿದ್ದ. ಇಡೀ ತರಗತಿಯಲ್ಲಿ ಒಬ್ಬರೂ ನಗಲಿಲ್ಲ.

"ಪ್ರಾರ್ಥನಾ ಮುಗಿಯೂ ಹಾದಿ," ಎಂದು ಮಾಸ್ತರರು ಮುಗಿಸಿದರು.

ದಿನಾ ತಡವಾಗಿ ಬರುವವನ ಮೇಲೆ ಯಾವನೋ ದಡ್ಡ ಬರೆದದ್ದು ಅಷ್ಟೇ. ಎಲ್ಲರೂ ಒಮ್ಮೆಲೇ ನಕ್ಕರು, ಬೇಕಾದದ್ದಕ್ಕಿಂತ ಜೋರಾಗಿ. ಮತ್ತಷ್ಟು ಚೀಟಿಗಳು ಬಂದವು. ಕೊನೆಗೆ ಮಾಸ್ತರರು ಡಬ್ಬಿಯನ್ನು ಬೋರಲು ಮಾಡಿ ತಟ್ಟಿ ತೋರಿಸಿದರು. ಏನೂ ಬೀಳಲಿಲ್ಲ.

ಉಳಿದುಕೊಂಡೆ ಎನ್ನಿಸಿತು ಅವಳಿಗೆ. ಕಣ್ಣು ಮುಚ್ಚಿ ಸಿದ್ಧರಾಮೇಶ್ವರನಿಗೆ ಕೈ ಮುಗಿದಳು. ಕಣ್ಣು ತೆರೆದು ನೋಡಿದರೆ ಸುತ್ತಲೂ ಹುಡುಗರು ತಮ್ಮ ತಮ್ಮ ಚೀಟಿಗಾಗಿ ಮಾಸ್ತರರನ್ನು ಮುತ್ತಿದ್ದರು. ಸಾತಲಿಂಗಪ್ಪ ತನ್ನದನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಬೀರವ್ವ ತನ್ನದನ್ನು ಇನ್ನೊಮ್ಮೆ ಓದಿಸಿಕೊಂಡು ನಾಚಿದಳು. ಎಲ್ಲರ ಹೆಸರಿಗೂ ಒಂದಾದರೂ ಬಂದಿತ್ತು. ಅವಳ ಹೆಸರಿಗೆ ಬಂದಿರಲಿಲ್ಲ.

ಗಿರಿಜಾ ಬಂದು ಅವಳ ಕೈ ಹಿಡಿದಳು. "ನಾ ನಿನ್ನ ಮ್ಯಾಲ ಒಂದ ಬರದಿದ್ದೆ. ಹರದ ಒಗದೆ," ಎಂದಳು ಮೆಲ್ಲಗೆ. "ನಿನ್ನ ಹೆಸರ ಎತ್ತಿದ್ರ ಯಾರರೆ ಬಾಯಿ ಬಿಡತಾರಂತ ಅಂಜಿಕಿ ಆತು. ಎಲ್ಲಾರೂ ಹಂಗ ಮಾಡ್ಯಾರ, ನೀಲಾ."

ಏನು ಬರೆದಿದ್ದೆ ಎಂದು ಕೇಳಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಅಪ್ಪ ಕೆಮ್ಮಿದರು. ಅವಳು ಕೇಳದೆಯೇ ಹೊರಟಳು.

ರಾಚಪ್ಪನವರು ಮುಂದೆ, ನೀಲಗಂಗಾ ಹಿಂದೆ. ನವಿ ಪೇಠದ ತಿರುವಿನಲ್ಲಿ ಅವರು ಮಗಳು ಜೊತೆಗೆ ಬರಲೆಂದು ನಿಂತರು. ಅವರ ಮುಖ ಹಬ್ಬದ ದಿನದ ಮುಖದಂತಿತ್ತು.

"ಎಲ್ಲಾರ ಹೆಸರ ತಗದು ನಕ್ಕರು. ನಿನ್ನ ಹೆಸರ ಒಬ್ಬರ ಬಾಯಾಗೂ ಬರಲಿಲ್ಲ," ಎಂದರು. "ಹೆಣ್ಣಮಗಳಂದ್ರ ಹಿಂಗಿರಬೇಕು, ನೀಲವ್ವಾ. ಜೂನದಾಗ ಕಾಲೇಜಿಗಿ ನಿನ್ನ ಹೆಸರ ಹಚ್ಚೂಣು."

ಬೇಡಿಕೊಂಡದ್ದೆಲ್ಲ ಸಿಕ್ಕಿತ್ತು. ಆದರೂ ಅವಳಿಗೆ ತಡೆಯಲಾರದ ಅಳು ಬಂತು. ನಡುಬೀದಿಯಲ್ಲಿ ಮಗಳು ಅಳುವುದನ್ನು ಕಂಡು ರಾಚಪ್ಪನವರು ಗಾಬರಿಯಾದರು. ತಮ್ಮ ಹೆಗಲ ಮೇಲಿನ ಉಪರಣೆಯ ಸೆರಗನ್ನೇ ಒರೆಸಿಕೊಳ್ಳಲು ಕೊಟ್ಟರು.

"ಇನ್ನ್ಯಾಕ ಅಂಜತಿ? ಯಾರೂ ಏನೂ ಅನ್ನಲಿಲ್ಲಲ್ಲ."

"ಹೌದ್ರಿ ಅಪ್ಪಾ," ಎಂದಳು ನೀಲಗಂಗಾ. "ಯಾರೂ ಏನೂ ಅನ್ನಲಿಲ್ಲ."