ಡ್ರಮ್ಮು ಏಳುವ ತನಕ

ಲಿಂಗಸುಗೂರಿನಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ಬಳಗಾನೂರಿಗೆ ಬಂದೆ. ಬಂದ ಮರುವರ್ಷ ಮಸ್ಕಿಯ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಕಾಯಂ ಕೆಲಸವಲ್ಲ, ಹೆಡ್‌ಮಾಸ್ತರರು ಬೇಡವೆಂದ ದಿನ ಮುಗಿಯುವಂಥದ್ದು. ಆದರೂ ನನಗೆ ಅದರ ಮೇಲೇ ಜೀವ. ಅತ್ತೆ ಬೇಡ ಅನ್ನಲಿಲ್ಲ, ಆದರೆ ಒಂದು ಕರಾರು ಹಾಕಿದರು.

"ಹೋಗು, ನಾ ಯಾಕ ಬ್ಯಾಡ ಅನ್ನಲಿ? ಆದ್ರ ಮನಿಮಂದಿಗೆ, ಆಳುಮಕ್ಕಳಿಗೆ ರೊಟ್ಟಿ ಬಡದಿಟ್ಟು ಹೋಗು."

ರೊಟ್ಟಿ ಬಡಿಯುವುದು ನನಗೆ ದೊಡ್ಡದಲ್ಲ. ಒಲೆ ಹತ್ತಿಸುವುದೇ ದೊಡ್ಡದು. ಭತ್ತದ ಹುಲ್ಲು ಭರ್ರನೆ ಉರಿದು ಆರಿಹೋಗುತ್ತಿತ್ತು. ಸಗಣಿ ತಟ್ಟಿ ಒಣಗಿಸಿದ ಕುಳ್ಳು ಹಸಿಯಿದ್ದರಂತೂ ಊದಿ ಊದಿ ಕಣ್ಣು ಕೆಂಡವಾಗುತ್ತಿದ್ದವು. ಅಷ್ಟರಲ್ಲಿ ಮಸ್ಕಿ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು. ಬಸ್ಸು ತಪ್ಪಿದರೆ ಯಾವುದಾದರೂ ಟ್ರ್ಯಾಕ್ಟರ್ ಹತ್ತಿ ಹೋಗಬೇಕು, ಹೋಗಿ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. "ಇನ್ನೊಮ್ಮೆ ತಡ ಆದ್ರ ಬರೋದ ಬ್ಯಾಡ್ರಿ ಟೀಚರ್" ಎಂದು ಹೆಡ್‌ಮಾಸ್ತರರು ನಗುತ್ತಲೇ ಹೇಳಿದರು. ಆ ನಗೆಗೆ ನನ್ನ ಮೈಯೆಲ್ಲ ಉರಿದುಹೋಯಿತು.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಗೋಬರ್ ಗ್ಯಾಸ್ ಹಾಕಿಸಿಕೊಳ್ಳಿರೆಂದು ಊರೂರಿಗೆ ಜೀಪು ಬರುತ್ತಿತ್ತು. ನಾನು ಗಂಡನ ಬೆನ್ನು ಬಿದ್ದೆ. ಎತ್ತು ಎಮ್ಮೆ ಇವೆ, ಹಿತ್ತಲಲ್ಲಿ ಜಾಗ ಇದೆ, ಇನ್ನೇನು ಬೇಕು? ಕೊನೆಗೆ ಸಿಂಧನೂರಿನಿಂದ ಮಿಸ್ತ್ರಿ ಬಂದ. ಬಾವಿಯಂಥ ಗುಂಡಿ ಕಟ್ಟಿ, ಅದರೊಳಗೆ ದೊಡ್ಡದೊಂದು ಕಬ್ಬಿಣದ ಡ್ರಮ್ಮನ್ನು ಬೋರಲು ಇಳಿಸಿದ. ಸಗಣಿ ನೀರು ಹುದುಗಿ ಗ್ಯಾಸು ತುಂಬಿದಂತೆ ಡ್ರಮ್ಮು ಮೇಲೇಳುತ್ತದೆ, ಒಲೆ ಉರಿಸಿದಂತೆ ಇಳಿಯುತ್ತದೆ. "ದನದ ಸಗಣಿ ಅಷ್ಟ ಹಾಕ್ರಿ, ಸಮಸಮ ನೀರು ಹಾಕಿ ಗಂಟಿಲ್ಲದಂಗ ಕಲಸ್ರಿ" ಎಂದು ಹೇಳಿಹೋದ. ಆಗ ಅತ್ತೆ ಹೊಲದಲ್ಲಿದ್ದರು.

ಅತ್ತೆಗೆ ಇದೆಲ್ಲ ಹೇಸಿಗೆ. "ಸಗಣಿ ಗ್ಯಾಸಿನ ಮ್ಯಾಲೆ ಬೇಸಿದ್ದು ಗಂಟಲಾಗ ಇಳಿತೈತೇನು?" ಎಂದು ಮೂಗು ಮುರಿದರು.

"ಕುಳ್ಳೇನು ಗಂಧದ ಕಟ್ಟಿಗಿಲೆ ಮಾಡ್ಯಾರೇನ್ರಿ ಅತ್ತಿ?" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ. ಗಂಡ ನಗು ತಡೆಯಲಾರದೆ ಹಿತ್ತಲಿಗೆ ಎದ್ದುಹೋದ.

ನೀಲಿ ಉರಿ ಹತ್ತಿದ ದಿನದಿಂದ ನನ್ನ ಬಸ್ಸು ತಪ್ಪಲಿಲ್ಲ. ಆದರೆ ಸಮಾಧಾನವೂ ಇರಲಿಲ್ಲ. ಬೆಳಗ್ಗೆ ಎದ್ದವಳೇ ಹಿತ್ತಲಿಗೆ ಓಡಿ ಡ್ರಮ್ಮು ಎಷ್ಟು ಎದ್ದಿದೆ ಎಂದು ನೋಡುತ್ತಿದ್ದೆ. ಎರಡು ರೊಟ್ಟಿ ಬೇಯಿಸಿ ಮತ್ತೆ ಓಡಿ ನೋಡುತ್ತಿದ್ದೆ. ಚಳಿಗಾಲ ಬಂತು, ಸಗಣಿ ಬೇಗ ಹುದುಗದೆ ಡ್ರಮ್ಮು ಏಳುವುದು ಕಡಿಮೆಯಾಯಿತು. ಇನ್ನೂ ನಾಲ್ಕು ರೊಟ್ಟಿ ಇರುವಾಗಲೇ ಉರಿ ಪುಕ್ ಪುಕ್ ಅಂದು ಆರುತ್ತಿತ್ತು. ನಾನು ಹಂಚು ಕುಕ್ಕುತ್ತಿದ್ದೆ, ಪೈಪು ಬಡಿಯುತ್ತಿದ್ದೆ, ಎಮ್ಮೆಗೂ ಬೈಯುತ್ತಿದ್ದೆ. ಅತ್ತೆ ಪಡಸಾಲೆಯಲ್ಲಿ ಕೂತು ಎಲ್ಲ ನೋಡುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ಸೊಸೆ ಸೋಲಲಿ ಎಂದು ಕಾಯುತ್ತಿದ್ದಾರೆ ಅಂತಲೇ ನಾನು ತಿಳಿದಿದ್ದೆ.

ಒಂದು ಬೆಳಗ್ಗೆ ಡ್ರಮ್ಮು ಒಂದು ಕಡೆ ವಾಲಿ ಸಿಕ್ಕಿಕೊಂಡಿತ್ತು. ಕಡ್ಡಿ ಗೀರಿದರೆ ಒಲೆ ಹತ್ತಲೇ ಇಲ್ಲ. ಅವತ್ತು ಶಾಲೆಗೆ ತಪಾಸಣೆಯ ಸಾಹೇಬರು ಬರುವವರಿದ್ದರು, ತಡವಾದರೆ ಕೆಲಸ ಹೋದಂತೆಯೇ. ಗಂಡ ಬಿದಿರಿನ ಗಳ ತಂದು ಡ್ರಮ್ಮಿನ ಅಂಚಿನಲ್ಲಿ ತಿವಿದ. ಮೇಲೆ ಒಣಗಿ ಗಟ್ಟಿಯಾಗಿ ಡ್ರಮ್ಮನ್ನು ಹಿಡಿದಿದ್ದ ಕೆನೆ ಒಡೆಯಿತು. ಅದರ ತುಂಬ ಕಪ್ಪು ಕಪ್ಪು ಕುರಿ ಹಿಕ್ಕೆ.

"ಇದನ್ನ ಯಾರು ಹಾಕ್ಯಾರ?" ನಾನು ಚೀರಿದೆ.

"ನಾನ ಹಾಕೀನಿ" ಅಂದರು ಅತ್ತೆ, ಹಿಂದಿನಿಂದ.

ಭತ್ತ ಕೊಯ್ದ ಮೇಲೆ ನಮ್ಮ ಹೊಲದಲ್ಲಿ ಕುರಿ ತರುಬಿಸಿದ್ದೆವು. ಗೊಬ್ಬರಕ್ಕಾಗಿ ಕುರುಬರ ಹಿಂಡನ್ನು ಹೊಲದಲ್ಲಿ ಮಲಗಿಸುವುದು ನಮ್ಮ ಕಡೆಯ ರೂಢಿ. ಅತ್ತೆ ಅಲ್ಲಿಂದ ಹಿಕ್ಕೆ ಗುಡಿಸಿ, ಬುಟ್ಟಿ ಹೊತ್ತು ತಂದು, ನಾನು ಶಾಲೆಯಲ್ಲಿದ್ದಾಗ ಗುಂಡಿಗೆ ಸುರಿದಿದ್ದರು. ಕಲಸಿರಲಿಲ್ಲ. ಹೊಲಕ್ಕೆ ಹಾಕುವಾಗ ಯಾರು ಕಲಸುತ್ತಾರೆ?

"ಒಂದು ವಾರ ಆತು ಹಾಕಾಕತ್ತಿ. ಕುರಿ ಹಿಕ್ಕಿ ಬಿದ್ದ ಹೊಲಕ್ಕ ಎಷ್ಟು ಕಸುವು ಬರ್ತೈತಿ! ಗ್ಯಾಸಿಗೂ ಬರ್ತೈತಿ ಅಂದ್ಕೊಂಡೆ. ದಿನಾ ನಿನ್ನ ಒದ್ದಾಟ ನೋಡಾಕ ಆಗವಲ್ದಾಗಿತ್ತು ನನಗ."

ಮಂಡಿನೋವೆಂದು ಹೊಸ್ತಿಲು ದಾಟುವಾಗಲೂ ಗೋಡೆ ಹಿಡಿಯುತ್ತಿದ್ದ ಹೆಂಗಸು. ಅಂಥವರು ವಾರವಿಡೀ ಹೊಲದಿಂದ ಬುಟ್ಟಿ ಹೊತ್ತಿದ್ದರು.

ಬಸ್ಸಿನ ಹಾರ್ನ್ ಕೇಳಿಸಿತು. ನಾನು ಹಿಟ್ಟಿನ ಕೈಯಲ್ಲೇ ನಿಂತಿದ್ದೆ. ಅತ್ತೆ ಹಿಟ್ಟಿನ ಪರಾತ ಎಳೆದುಕೊಂಡು ಹಳೆಯ ಒಲೆಯ ಮುಂದೆ ಕುಂತೇಬಿಟ್ಟರು.

"ಗ್ಯಾಸ್ ಕೆಡಿಸಿದಾಕಿ ನಾ, ರೊಟ್ಟಿ ನಾನ ಬಡಿತೀನಿ. ನಿಂತೇನ್ ನೋಡ್ತಿಬೇ? ಓಡು!"

ಓಡಿದೆ. ಬಸ್ಸು ತಿರುವು ತಗೊಳ್ಳುವಾಗ ಕಿಟಕಿಯಿಂದ ಹೊರಗೆ ಇಣುಕಿದೆ. ನಮ್ಮ ಮನೆಯ ಮೇಲೆ ಹೊಗೆ ಏಳುತ್ತಿತ್ತು. ನಾನು ಅಷ್ಟು ದಿನ ಶಪಿಸಿದ ಅದೇ ಹೊಗೆ. ಅದರ ಕೆಳಗೆ ಅತ್ತೆ ಒಲೆ ಊದುತ್ತಿದ್ದಾರೆ ಎಂದು ನೆನೆದು, ಮಸ್ಕಿ ಬರುವವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದೆ.